ದುಡಿಮೆಯೇ ಸಾಮು ಅನ್ನುವವರಿಗೆ

"ಕೈಗೆ ಬಳಿ ತೊಟ್ಟೀಯೇನಲೇ?"

ಜಮಖಂಡಿಯಿಂದ ಬೀಳಗಿಯ ತನಕ ಒಬ್ಬ ಗಂಡಸು ಇನ್ನೊಬ್ಬನನ್ನು ಹೀಯಾಳಿಸಲು ಇಷ್ಟು ಸಾಕು. ಸಂತೆಯಲ್ಲಿ ಕೇಳಿದ್ದೇವೆ, ಕುಸ್ತಿ ಕಣದಲ್ಲಿ ಕೇಳಿದ್ದೇವೆ, ಚುನಾವಣೆಯ ಭಾಷಣದಲ್ಲಿ ಕೇಳಿದ್ದೇವೆ. ನಮ್ಮದೇ ಸಂಘಟನೆಯ ಸಭೆಯಲ್ಲಿ, ನೀಲಿ ಬಾವುಟದ ಕೆಳಗೆ ಕೂತೂ ಕೇಳಿದ್ದೇವೆ. ಬಳೆ ತೊಟ್ಟ ಕೈ ಅಂದರೆ ಕೆಲಸಕ್ಕೆ ಬಾರದ ಕೈ. ಹೀಗೆ ಹೇಳುವವನ ಮನೆಯಲ್ಲಿ ಆ ಹೊತ್ತಿಗೆ ರೊಟ್ಟಿ ಬಡಿಯುತ್ತಿರುವುದೂ ಅದೇ ಕೈ. ಇನ್ನೂ ಒಂದು ಮಾತು. ತೋಳು-ತೊಡೆಗಳ ಅತಿ ದೊಡ್ಡ ಕಾಳಗವನ್ನು, ಗದಾಯುದ್ಧವನ್ನು, ಕನ್ನಡಕ್ಕೆ ಕೊಟ್ಟ ರನ್ನ ಇದೇ ಮುಧೋಳ ಸೀಮೆಯ ಬೆಳಗಲಿಯವನು. ಬಳೆಗಾರರ ಮನೆಯ ಮಗ. ರನ್ನನ ಹೆಸರಿನಲ್ಲಿ ಉತ್ಸವ ಮಾಡುವವರಿಗೆ ಇದು ನೆನಪಾಗುವುದಿಲ್ಲ.

ನಾನು ಬರೆಯಹೊರಟದ್ದು ಬೀಮಿನ ಬಗ್ಗೆ. ತಲೆಯ ಮೇಲಿನ ಕಬ್ಬಿಣದ ಪೈಪು ಹಿಡಿದು, ನೆಲ ಬಿಟ್ಟು, ಗದ್ದ ಪೈಪಿನ ಮೇಲೆ ಬರುವ ತನಕ ಸ್ವಂತ ಮೈಯನ್ನು ಎಳೆದುಕೊಳ್ಳುವುದು. ಪುಸ್ತಕದಲ್ಲಿ ಅದಕ್ಕೆ ಪುಲ್‌ಅಪ್ ಅಂತಾರೆ, ಸೈನ್ಯ ಸೇರುವ ಆಸೆಯ ಹುಡುಗರ ಬಾಯಲ್ಲಿ ಬೀಮ್. ಭರ್ತಿಯಲ್ಲಿ ಹತ್ತು ಬೀಮ್ ಹೊಡೆದ ಹುಡುಗನಿಗೆ 40 ಅಂಕ, ಆರು ಹೊಡೆದವನಿಗೆ 16. ಬಡವರ ಮಗನಿಗೆ ಒಂದು ಪೈಪು ನೌಕರಿಯ ಬಾಗಿಲಾಗುತ್ತದೆ. ಅದಕ್ಕೇ ನಸುಕಿನಲ್ಲಿ ಮೈದಾನಕ್ಕೆ ಹೋದರೆ ಪೈಪಿಗೆ ಸಾಲು ಹಚ್ಚಿರುತ್ತಾರೆ. ಅದೇ ಮೈದಾನದಲ್ಲಿ ಪೊಲೀಸ್ ನೌಕರಿಗಾಗಿ ಓಡುವ ಹುಡುಗಿಯರೂ ಇರುತ್ತಾರೆ. ಅವರಿಗೆ ಓಟ, ಜಿಗಿತ, ಗುಂಡು ಎಸೆತ. ಬೀಮಿನ ಹತ್ತಿರ ಅವರನ್ನು ಯಾರೂ ಕರೆಯುವುದಿಲ್ಲ. ತಾವಾಗಿ ಹೋದರೆ ನಗೆ.

ನಗುವವರಿಗೆ ಈ ಪುಟಗಳನ್ನು ಖರ್ಚು ಮಾಡಲಾರೆ. ಅವರು ಹಳೆಯ ವೈರಿಗಳು. ನನ್ನ ಜಗಳ ನಮ್ಮವರ ಜೊತೆ. "ನಿಮಗ್ಯಾಕ ತಂಗಿ ಅದು? ನಮ್ಮ ಹೆಣ್ಮಕ್ಳಿಗೆ ದುಡಿಮೀನೇ ಸಾಮು. ಆ ಜಿಮ್ಮು-ಗಿಮ್ಮು ಎಲ್ಲಾ ಉಂಡು ಕುಂತವರಿಗೆ" ಅನ್ನುವ ಅಣ್ಣಂದಿರ ಜೊತೆ. ಮಾತು ಕೇಳಲು ಚೆನ್ನಾಗಿದೆ. ದುಡಿಯುವ ವರ್ಗಕ್ಕೆ ಮರ್ಯಾದೆ ಕೊಟ್ಟಂತಿದೆ. ಆದರೆ ಸುಳ್ಳು.

ಮೊದಲು ಬಾವಿ. ನಮ್ಮವ್ವನ ಕಾಲಕ್ಕೆ ನಮ್ಮ ಹಳ್ಳಿಯಲ್ಲಿ ನಳ ಇರಲಿಲ್ಲ. ಊರ ಬಾವಿಯ ಗಡಗಡಿ ನಮ್ಮ ಕೈಗೆ ಸಿಗುತ್ತಿರಲಿಲ್ಲ, ಕೇರಿಯ ಬಾವಿಗೆ ಗಡಗಡಿಯೇ ಇರಲಿಲ್ಲ. ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಅದಾಗಿ ಎಷ್ಟೋ ದಶಕಗಳ ಮೇಲೂ ನಮ್ಮವ್ವ ದಂಡೆಯ ಮೇಲೆ ಕಾಲೂರಿ, ಕೈಮೇಲೆ ಕೈ ಹಾಕಿ, ಬರೀ ಹಗ್ಗದಿಂದ ಜಗ್ಗಬೇಕಿತ್ತು. ಹನ್ನೆರಡು ಲೀಟರಿನ ಕೊಡ, ದಿನಕ್ಕೆ ಇಪ್ಪತ್ತು. ಲೆಕ್ಕ ಮಾಡ್ರಿ: 240 ಕಿಲೋ. 2000ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಕರ್ಣಂ ಮಲ್ಲೇಶ್ವರಿ ಎರಡು ಬಗೆಯ ಎತ್ತುವಿಕೆ ಕೂಡಿಸಿ ಎತ್ತಿದ್ದೂ 240 ಕಿಲೋ. ಭಾರತದ ಹೆಣ್ಣುಮಗಳೊಬ್ಬಳಿಗೆ ಒಲಿಂಪಿಕ್ಸಿನ ಮೊದಲ ಪದಕ ತಂದ ತೂಕ ಅದು. ಎರಡೂ ಒಂದೇ ಅಲ್ಲ, ಬಲ್ಲೆ. ಒಂದೇ ಅಲ್ಲ ಅನ್ನುವುದೇ ನನ್ನ ವಾದ. ಮಲ್ಲೇಶ್ವರಿ ಎತ್ತಿ, ಇಳಿಸಿ, ಕೂತು ದಣಿವಾರಿಸಿಕೊಂಡಳು. ಅವಳಿಗೆ ಊಟ ಇತ್ತು, ನಿದ್ದೆ ಇತ್ತು, ಕಲಿಸುವವರಿದ್ದರು. ನಮ್ಮವ್ವನಿಗೆ ಇದ್ದದ್ದು ಇಪ್ಪತ್ತೊಂದನೆಯ ಕೊಡ.

ಆಮೇಲೆ ಕಬ್ಬು. ಜಮಖಂಡಿ, ಮುಧೋಳದ ಕಾರ್ಖಾನೆಗಳ ಚಿಮಣಿ ಹೊಗೆಯಾಡುವ ತಿಂಗಳುಗಳಲ್ಲಿ ಗದ್ದೆಗೆ ಗ್ಯಾಂಗು ಇಳಿಯುತ್ತವೆ. ಗಂಡ ಕಡಿಯುತ್ತಾನೆ. ಹೆಂಡತಿ ರವದಿ ಸವರಿ, ಪೆಂಡಿ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ ಟ್ರೇಲರಿಗೆ ಹೇರುತ್ತಾಳೆ. ಮಹಾರಾಷ್ಟ್ರದ ಗ್ಯಾಂಗುಗಳ ಲೆಕ್ಕದಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಅವಳು ಅರ್ಧ ಕುಡುಗೋಲು. ಮುಂಗಡ ಎಣಿಸಿಕೊಳ್ಳುವವನು ಗಂಡ. ಮುಟ್ಟಿನ ನೋವಿಗೆ ಒಂದು ದಿನ ತಪ್ಪಿದರೆ ಬೀಳುವ ದಂಡಕ್ಕೆ ಮಾತ್ರ ಇಬ್ಬರೂ ಪೂರ್ತಿ. ಕಬ್ಬಿನ ಕೂಲಿಗಳ ಸೀಮೆಯಾದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿ 82,309 ಹೆಣ್ಣುಮಕ್ಕಳನ್ನು ವಿಚಾರಿಸಿದಾಗ 13,861 ಮಂದಿಯ ಗರ್ಭಕೋಶ ತೆಗೆದುಹಾಕಿದ್ದು ಕಂಡುಬಂತು. ದುಡಿಮೆಯೇ ಸಾಮು ಅನ್ನುವ ಅಣ್ಣಾ, ಯಾವ ಗರಡಿಯಲ್ಲಿ ಸಾಮು ಮಾಡಿದವರ ಒಡಲು ಹೀಗೆ ಬರಿದಾಗಿದೆ, ಹೇಳು.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವುದು ಹೆಣ್ಣಿನ ಪಾಲು. ಬೆನ್ನು ಬಾಗಿಸಿ ಕೂತಲ್ಲೇ ಕೂತು ಒಂದು ಕೈ ತಿರುಗಿಸುತ್ತದೆ, ಒಂದು ಕೈ ನೂಲು ಹಿಡಿಯುತ್ತದೆ. ಆ ಭುಜಗಳನ್ನು ತಲೆಯ ಮೇಲೆ ಎತ್ತಿ ನೋಡು ಅಂತ ಯಾರಾದರೂ ಕೇಳಿದ್ದೀರಾ?

ದುಡಿಮೆ ಮೈಯಿಂದ ಕಿತ್ತುಕೊಳ್ಳುತ್ತದೆ. ಸಾಮು ಮೈಗೆ ಕೊಡುತ್ತದೆ. ಹಗ್ಗವೂ ತೋಳೂ ಒಂದೇ ಇರಬಹುದು, ಆದರೆ ಸ್ನಾಯು ಬೆಳೆಯುವುದು ಎಳೆಯುವಾಗ ಅಲ್ಲ. ಎಳೆದು ಬಿಟ್ಟ ಮೇಲೆ, ಉಂಡು ಮಲಗಿದಾಗ. ಇವತ್ತು ದಣಿದ ತೋಳಿಗೆ ನಾಳೆ ಬಿಡುವು ಬೇಕು, ನಾಡಿದ್ದು ತುಸು ಹೆಚ್ಚಿನ ಭಾರ ಬೇಕು. ಜೀತದೆತ್ತಿಗೂ ಜಾತ್ರೆಯಲ್ಲಿ ಓಡುವ ಎತ್ತಿಗೂ ಇರುವ ಅಂತರ ಇದೇ. ಓಡುವ ಎತ್ತಿಗೆ ಏನು ತಿನ್ನಿಸಬೇಕು, ಎಷ್ಟು ದಿನ ಕಟ್ಟಿ ಹಾಕಬೇಕು ಅಂತ ನಮ್ಮ ರೈತರು ಗಂಟೆಗಟ್ಟಲೆ ಮಾತಾಡುತ್ತಾರೆ. ಆ ಮಾತಿನ ಹೊತ್ತಿಗೆ ಚಹಾ ಕಾಸಿ ತರುವವಳ ಬಗ್ಗೆ ಆ ಪ್ರಶ್ನೆ ಎಂದೂ ಏಳುವುದಿಲ್ಲ.

ನಾಯಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಮುಧೋಳದ ತಳಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮುಧೋಳ ನಾಯಿಮರಿಗಳನ್ನು ಸೈನ್ಯ ತರಬೇತಿಗಾಗಿ ಮೀರತ್ತಿಗೆ ಕರೆಸಿಕೊಂಡಿತು. ಊರಿಗೆ ಊರೇ ಹೆಮ್ಮೆಪಟ್ಟಿತು, ಪಡಲಿ. ಅದೇ ಸೈನ್ಯ ಸಾಮಾನ್ಯ ಸಿಪಾಯಿ ದರ್ಜೆಗೆ ಹೆಣ್ಣುಮಕ್ಕಳನ್ನು ಕರೆದದ್ದು 2019ರಲ್ಲಿ, ಅದೂ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಮಾತ್ರ. ಮೊದಲ ತಂಡದ 83 ಮಂದಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಹೊರಬಂದದ್ದು 2021ರ ಮೇ 8ರಂದು. ಅಂದರೆ ನಮ್ಮ ಊರ ನಾಯಿ ನಮ್ಮ ಊರ ಹುಡುಗಿಗಿಂತ ಮೂರು ವರ್ಷ ಮೊದಲು ಸೈನ್ಯದ ಗೇಟು ದಾಟಿತು. ಆ ಹುಡುಗಿಯರ ಭರ್ತಿ ಪರೀಕ್ಷೆಯಲ್ಲೂ 1.6 ಕಿಲೋಮೀಟರ್ ಓಟ ಇದೆ, ಉದ್ದ ಜಿಗಿತ ಇದೆ, ಎತ್ತರ ಜಿಗಿತ ಇದೆ. ಬೀಮ್ ಇಲ್ಲ.

ಶಾಲೆಯಲ್ಲೂ ಹಾಗೇ. ದೈಹಿಕ ಶಿಕ್ಷಣದ ಪಠ್ಯದಲ್ಲಿ ತೋಳಿನ ಬಲದ ಪರೀಕ್ಷೆ ಒಂದಿದೆ, ಅಮೆರಿಕದಿಂದ ಬಂದದ್ದು. ಗಂಡು ಹುಡುಗರಿಗೆ ಪುಲ್‌ಅಪ್: ಎಷ್ಟು ಸಲ ಏರಿದ ಅಂತ ಎಣಿಸಬೇಕು. ಹೆಣ್ಣು ಹುಡುಗಿಯರಿಗೆ ಮೊಳಕೈ ಮಡಚಿ ಜೋತಾಡುವುದು: ಎಷ್ಟು ಹೊತ್ತು ತಡೆದುಕೊಂಡಳು ಅಂತ ಗಡಿಯಾರ ನೋಡಬೇಕು. ಗಂಡು ಏರಬೇಕು, ಹೆಣ್ಣು ತಡೆದುಕೊಳ್ಳಬೇಕು! ಮನು ಬರೆದರೂ ಇಷ್ಟು ಚೊಕ್ಕಾಗಿ ಬರೆಯುತ್ತಿರಲಿಲ್ಲ. ಹಳ್ಳಿಯ ಮಾಸ್ತರರೇ, ನಿಮ್ಮಲ್ಲಿ ಬಹಳ ಮಂದಿ ಈ ಪತ್ರಿಕೆ ಓದುತ್ತೀರಿ. ನಾನು ಕಲಿತ ಸಾಲಿಯಲ್ಲಿ ಆಟದ ಪೀರಿಯಡ್ಡಿಗೆ ಹುಡುಗರಿಗೆ ಮೈದಾನ, ನಮಗೆ ಕಸಬರಿಗೆ. ನಿಮ್ಮ ಸಾಲಿಯಲ್ಲಿ ಏನಿದೆ, ನೀವೇ ನೋಡಿಕೊಳ್ಳಿರಿ.

"ಪ್ರಕೃತಿಯೇ ಹಂಗ ಐತಿ" ಅನ್ನುವವರಿಗೂ ಉತ್ತರ ಕೊಡೋಣ. ಹೆಣ್ಣಿನ ಮೇಲ್ಮೈಯಲ್ಲಿ ಗಂಡಿನಷ್ಟು ಸ್ನಾಯು ಇರುವುದಿಲ್ಲ. ಸರಾಸರಿ ತೆಗೆದರೆ ತೋಳಿನ ಬಲ ಅರ್ಧಕ್ಕಿಂತ ತುಸು ಹೆಚ್ಚು. ನಿಜ. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದಲ್ಲಿ ಒಂದು ಬೀಮೂ ಹೊಡೆಯಲಾಗದ 17 ಹೆಣ್ಣುಮಕ್ಕಳಿಗೆ ಮೂರು ತಿಂಗಳು ತರಬೇತಿ ಕೊಟ್ಟರು. ಕೊನೆಗೆ ಹೊಡೆದವರು ನಾಲ್ವರು. ಪತ್ರಿಕೆಗಳು ಇದನ್ನು ಹೆಣ್ಣಿಗೆ ಆಗುವುದಿಲ್ಲ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡವು. ನನಗೆ ಕಾಣುವುದು ಬೇರೆ: ಸೊನ್ನೆಯಿಂದ ಹೊರಟವರಲ್ಲಿ ನಾಲ್ವರಿಗೆ ಮೂರೇ ತಿಂಗಳು ಸಾಕಾಯಿತು, ಉಳಿದವರಿಗೆ ಇನ್ನಷ್ಟು ಕಾಲ ಬೇಕಿತ್ತು. ಆ ದೇಶದ ಮೆರೀನ್ ಪಡೆಯಲ್ಲೂ 2013ರಲ್ಲಿ ಹೊಸ ಹೆಣ್ಣು ಸಿಪಾಯಿಗಳಲ್ಲಿ ನೂರಕ್ಕೆ 55 ಮಂದಿಗೆ ಮೂರು ಬೀಮ್ ಆಗಲಿಲ್ಲ, ನಿಯಮ ಮುಂದಕ್ಕೆ ಹೋಯಿತು. 2017ರಿಂದ ಅಲ್ಲಿ ಗಂಡಾಗಲಿ ಹೆಣ್ಣಾಗಲಿ, ಪೂರ್ತಿ ಅಂಕ ಬೇಕೆಂದರೆ ಬೀಮೇ ಹೊಡೆಯಬೇಕು. (ಆ ಪಡೆ ಲೋಕದ ಬಡವರ ಮೇಲೆ ಏನು ಮಾಡಿದೆ ಅನ್ನುವುದು ಬೇರೆಯೇ ಲೇಖನ.) ಪ್ರಕೃತಿ ಹೇಳುವುದು ತಡ ಆಗುತ್ತದೆ ಅಂತ. ಬೇಡ ಅಂತ ಹೇಳಿದ್ದು ಪ್ರಕೃತಿಯಲ್ಲ.

ಬೇಡ ಅಂದವರು ಯಾರು? ನಮ್ಮ ಸೀಮೆಯ ಹುಡುಗಿ ಹನ್ನೊಂದು ಹನ್ನೆರಡರ ತನಕ ಗಿಡಮಂಗ್ಯಾನ ಆಟ ಆಡುತ್ತಾಳೆ, ಬೇವಿನ ಗಿಡ ಹತ್ತುತ್ತಾಳೆ, ಟೊಂಗೆಗೆ ಜೋತು ಬೀಳುತ್ತಾಳೆ. ದೊಡ್ಡಾಕಿಯಾದ ದಿನ ಅವಳನ್ನು ಗಿಡದಿಂದ ಇಳಿಸುತ್ತಾರೆ. ಅಣ್ಣನ ತೋಳು ಬಲಿಯಲು ಶುರುವಾಗುವ ವಯಸ್ಸಿಗೆ ಸರಿಯಾಗಿ ಇವಳ ತೋಳಿಗೆ ರಜೆ. ಆಮೇಲೆ ವರ್ಷಕ್ಕೊಮ್ಮೆ ಪಂಚಮಿ ಜೋಕಾಲಿ. ಅದೊಂದು ದಿನ ಹಗ್ಗ ಅವಳ ಸುಖಕ್ಕೆ, ಉಳಿದಷ್ಟೂ ದಿನ ಹಗ್ಗ ಮನೆಯ ನೀರಿಗೆ, ದನಕ್ಕೆ, ಹೊರೆಗೆ. ಇನ್ನು ನಮ್ಮ ಕೇರಿಯ ಹುಡುಗಿಯರ ಮೈಯನ್ನು ಎಲ್ಲಮ್ಮನ ಹೆಸರಿನಲ್ಲಿ ಊರಿನ ಸೊತ್ತು ಮಾಡಿದ್ದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬೇಕಾಯಿತು. ಯಾರ ಅವ್ವ, ಯಾರ ಆಯಿ ಆ ಮುತ್ತು ಕಟ್ಟಿಸಿಕೊಂಡಿದ್ದರೋ ಅವರ ಮೊಮ್ಮಗಳು ಇವತ್ತು ತನ್ನ ಮೈಯ ಭಾರವನ್ನು ತಾನೇ ಎತ್ತಿಕೊಳ್ಳುತ್ತೇನೆ ಅಂದರೆ ಅದು ಜಿಮ್ಮಿನ ಶೋಕಿ ಅಲ್ಲ, ಅಣ್ಣಾ.

ಗರಡಿಮನಿಗೆ ಹೆಣ್ಣು ಬಂದರೆ ಹನುಮಪ್ಪನ ಬ್ರಹ್ಮಚರ್ಯ ಕೆಡುತ್ತದೆ ಅಂತಾರೆ. ಗರಡಿಯ ಮಣ್ಣನ್ನು ಹೊತ್ತು ತಂದವಳು, ಬಾಗಿಲ ಮುಂದೆ ಸಗಣಿ ಸಾರಿಸಿದವಳು ಯಾರು ಅಂತ ಕೇಳಬಾರದು. ಹಮೀದಾ ಬಾನು ಅನ್ನುವ ಪೈಲವಾನಳು 1954ರಲ್ಲಿ ಬರೋಡಾದಲ್ಲಿ ಬಾಬಾ ಪೈಲವಾನನನ್ನು ಒಂದು ನಿಮಿಷ ಮೂವತ್ನಾಲ್ಕು ಸೆಕೆಂಡಿನಲ್ಲಿ ಚಿತ್ ಮಾಡಿದಳು. ಕೊಲ್ಹಾಪುರದಲ್ಲಿ ಗಂಡಸನ್ನು ಸೋಲಿಸಿದಾಗ ಜನ ಅವಳಿಗೆ ಕಲ್ಲು ತೂರಿದರು. ಕೊಲ್ಹಾಪುರದ ಕುಸ್ತಿ ನಮ್ಮ ಸೀಮೆಗೆ ಗುರುಮನೆ ಅಂತ ಹೆಮ್ಮೆಪಡುವವರು ಆ ಕಲ್ಲನ್ನೂ ಲೆಕ್ಕಕ್ಕೆ ಹಿಡಿಯಲಿ. ಈಗ ಗದಗು, ಹಳಿಯಾಳದ ಹುಡುಗಿಯರು ಕುಸ್ತಿಗಿಳಿದು ವರ್ಷಗಳಾದವು, ಹನುಮಪ್ಪನಿಗೆ ಏನೂ ಆಗಿಲ್ಲ. ಬಲ ಬಂದರೆ ಎಲ್ಲ ಮುಗಿಯಿತು ಅಂತಲೂ ನಾನು ಹೇಳುವುದಿಲ್ಲ. ರಿಯೊದಲ್ಲಿ ಪದಕ ಗೆದ್ದ ಸಾಕ್ಷಿ ಮಲಿಕ್‌ಳನ್ನು 2023ರ ಮೇ 28ರಂದು ದಿಲ್ಲಿಯ ಬೀದಿಯಲ್ಲಿ ಪೊಲೀಸರು ಎಳೆದಾಡಿದ್ದನ್ನು ದೇಶವೇ ನೋಡಿತು.

ಬಲ ಬರುವುದು ತಾಟಿನಿಂದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ರಕ್ತವಿಲ್ಲದ ತೋಳು ಯಾವ ಪೈಪನ್ನು ಎಳೆದೀತು? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ನಮ್ಮ ಪಕ್ಕದ ವಿಜಯಪುರದಲ್ಲೂ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಗಳ ಸ್ವಾಮಿಗಳು ಬೀದಿಗಿಳಿಯುವ ಮಾತಾಡಿದರು. ಬಾದಾಮಿ ಹಾಲಿನ ಹೊಟ್ಟೆಗಳು ನಮ್ಮ ಮಕ್ಕಳ ಮೊಟ್ಟೆ ಎಣಿಸಿದವು. ಮಕ್ಕಳು "ನಮಗೆ ಮೊಟ್ಟಿ ಬೇಕು" ಅಂತ ಕೂಗಿದ ಮೇಲೆ ನಾಡಿಗೆ ಕಿವಿ ಬಂತು. 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನದ ಮೊಟ್ಟೆ ರಾಜ್ಯದ ತುಂಬ ಶುರುವಾಯಿತು. ಮಾಸ್ತರರೇ, ಅದು ನಿಮ್ಮ ಸಾಲಿಯ ಹುಡುಗಿಯ ತಾಟಿಗೆ ಬೀಳುತ್ತಿದೆಯೇ ಅನ್ನುವುದನ್ನು ನೋಡುವುದೂ ಬೀಮಿನ ಕೆಲಸವೇ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಗಡಿಗೆಯ ತಳ ಕೆರೆದು ಉಣ್ಣುವವಳು ಅವಳು.

ಇನ್ನು ದಾರಿ. ನಮ್ಮ ಹುಡುಗಿಯರಿಗೆ ಹೇಳುತ್ತೇನೆ, ಗಂಡಸರು ಬೇಕಾದರೆ ಓದಲಿ. ಮೊದಲ ದಿನವೇ ಗದ್ದ ಏರಿಸಲು ಹೋಗಬ್ಯಾಡ್ರಿ. ಪೈಪು ಹಿಡಿದು ಬರೀ ಜೋತು ಬೀಳಿರಿ: ಹತ್ತು ಎಣಿಸುವ ತನಕ, ಆಮೇಲೆ ಇಪ್ಪತ್ತು, ಮೂವತ್ತು. ಹಗ್ಗ ಜಗ್ಗಿದ ಅಂಗೈ ಇಲ್ಲಿ ನಿಮ್ಮ ಕಡೆಗಿರುತ್ತದೆ. ಪೇಟೆಯ ಹುಡುಗಿಯರಿಗೆ ಅಂಗೈಯೇ ಮೊದಲ ಸೋಲು. ನಿಂತ ಬಂಡಿಯ ನೊಗ ಅಲುಗದಂತೆ ಕಟ್ಟಿ, ಅದರ ಕೆಳಗೆ ಅಂಗಾತ ಮಲಗಿ, ಹಿಮ್ಮಡಿ ನೆಲಕ್ಕೆ ಊರಿ, ಎದೆಯನ್ನು ನೊಗಕ್ಕೆ ತಾಗುವಂತೆ ಎಳೆಯಿರಿ. ಆಮೇಲೆ ಇಳಿಯುವುದನ್ನು ಕಲಿಯಿರಿ. ಸ್ಟೂಲು ಹತ್ತಿ ಗದ್ದವನ್ನು ಪೈಪಿನ ಮೇಲಿಟ್ಟು, ಕಾಲು ಬಿಟ್ಟು, ಒಂದರಿಂದ ಐದು ಎಣಿಸುತ್ತ ಮೆಲ್ಲಗೆ ಕೆಳಗೆ. ಇಳಿಯುವ ಬಲವೇ ಏರುವ ಬಲವಾಗುತ್ತದೆ. ಬೈಕಿನ ಹಳೆ ಟ್ಯೂಬನ್ನು ಪೈಪಿಗೆ ಕಟ್ಟಿ ಮೊಣಕಾಲು ಅದರಲ್ಲಿಟ್ಟರೆ ತುಸು ಎತ್ತಿಕೊಡುತ್ತದೆ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಕಬ್ಬಿನ ಹೊರೆ ಹೊತ್ತ ದಿನ ಬೇಡವೇ ಬೇಡ. ತಿಂಗಳುಗಳು ಹಿಡಿಯುತ್ತವೆ, ವರ್ಷವೂ ಹಿಡಿದೀತು. ಭುಜ ನೋಯುತ್ತದೆ, ಅದು ನಿಮ್ಮ ಸ್ವಂತದ ನೋವು, ಕೂಲಿಯ ನೋವಲ್ಲ.

"ಹೊಟ್ಟಿಗೆ ಹಿಟ್ಟಿಲ್ಲ, ಕೂಲಿ ಸಮ ಇಲ್ಲ, ಇವಳಿಗೆ ಪೈಪಿನ ಚಿಂತಿ" ಅಂತ ಈಗಲೂ ಒಬ್ಬ ಅಣ್ಣ ಗೊಣಗುತ್ತಿರಬಹುದು. ಅಣ್ಣಾ, ಓದುವುದಕ್ಕೂ ಹಿಂಗೇ ಅಂದಿದ್ದರು. ಹೊಟ್ಟೆ ತುಂಬಿದ ಮೇಲೆ ಓದೋಣ ಅಂತ ಕಾದಿದ್ದರೆ ನಮ್ಮ ಮನೆಗೆ ಮೊದಲ ಪದವಿ ಇನ್ನೂ ಬರುತ್ತಿರಲಿಲ್ಲ. ಸಮಾನ ಕೂಲಿ ಕೇಳುವಾಗ ದಲ್ಲಾಳಿ ಏನಂತಾನೆ? "ಹೆಣ್ಣಾಳಿಗೆ ಅಷ್ಟು ತಾಕತ್ತೆಲ್ಲಿ" ಅಂತಾನೆ. ನೀನೂ ಬೇರೆ ಮಾತಿನಲ್ಲಿ ಅದನ್ನೇ ಅಂತೀಯ.

ಎರಡು ಕಂಬ, ಒಂದೂಕಾಲು ಇಂಚಿನ ಐದಡಿ ಪೈಪು, ಒಂದು ಚೀಲ ಸಿಮೆಂಟು. ಎತ್ತರ ಏಳಡಿ, ಪಕ್ಕದಲ್ಲೇ ಆರಡಿಯದು ಇನ್ನೊಂದು. ಇದಕ್ಕೆ ದುಡ್ಡಿಲ್ಲ ಅಂದರೆ 2013ರ ಪರಿಶಿಷ್ಟರ ಉಪಯೋಜನೆ ಕಾಯ್ದೆಯ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿರಿ. ನಾಲ್ಕೂ ಊರುಗಳ ಹುಡುಗಿಯರ ಹಾಸ್ಟೆಲ್ಲುಗಳ ಹಿತ್ತಲಲ್ಲಿ ಇದು ನಿಲ್ಲಬೇಕು. ಬರುವ ಗ್ರಾಮಸಭೆಗೆ, ನಗರಸಭೆಗೆ, ಸಮಾಜ ಕಲ್ಯಾಣ ಇಲಾಖೆಗೆ ಅರ್ಜಿ ಬರೆಯಿರಿ. ಹುಡುಗಿಯರೇ ಬರೆಯಲಿ, ಮಾಸ್ತರರು ಕೆಳಗೆ ಸಹಿ ಮಾಡಲಿ. ಸಹಿ ಮಾಡಲು ಹಿಂದೆ ಸರಿದವರು ಏನು ಕಾರಣ ಹೇಳಿದರು ಅನ್ನುವುದನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಗೆ ಕಳಿಸಿರಿ.