ಬಚ್ಚಲ ಜಾಲಿಗೂ ಬೇಕು ಅಳತೆಯ ಶಿಸ್ತು

ವಾಷಿಂಗ್ ಮಷಿನ್ ಮೇಲಿನ ಜಿಎಸ್‌ಟಿ ದರವು 2018ರ ಜುಲೈ ತಿಂಗಳಿನಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಒಂದು ಕಾಲದಲ್ಲಿ ಉಳ್ಳವರ ಮನೆಗಳಿಗಷ್ಟೇ ಸೀಮಿತವಾಗಿದ್ದ ಈ ಯಂತ್ರ ಈಗ ನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯ ವಸ್ತುವಾಗಿದೆ. ಯಂತ್ರದ ಬೆನ್ನಿಗೇ ಸ್ಟ್ಯಾಂಡ್, ಹೊದಿಕೆ, ನಲ್ಲಿ, ಪೈಪು ಮೊದಲಾದ ಪೂರಕ ಸಾಮಗ್ರಿಗಳ ವ್ಯಾಪಾರವೂ ಬೆಳೆದಿದೆ. ಆದರೆ ಯಂತ್ರದ ಕೊಳೆ ನೀರನ್ನು ಚರಂಡಿಗೆ ದಾಟಿಸುವ ನೆಲದ ಜಾಲಿಯ ವಿಷಯದಲ್ಲಿ ಮಾತ್ರ ಬಹುಪಾಲು ಕಣ್ಣಳತೆಯ ವ್ಯವಹಾರವೇ ಮುಂದುವರಿದಿದೆ. ಸಾವಿರಾರು ರೂಪಾಯಿಯ ಯಂತ್ರ ಕೊಂಡ ಗ್ರಾಹಕ ಜಾಲಿಗೆ ಚೌಕಾಶಿ ಮಾಡುತ್ತಾನೆ. ವರ್ತಕನೂ ಕೈಗೆ ಸಿಕ್ಕ ಜಾಲಿಯನ್ನು ಕೊಟ್ಟು ಕಳುಹಿಸುತ್ತಾನೆ. ಇದರಿಂದ ನಷ್ಟವಾಗುವುದು ಗ್ರಾಹಕನಿಗೆ ಮಾತ್ರವಲ್ಲ.

ತೊಂದರೆಯ ಮೂಲ

ಅಂಗಡಿಗಳಲ್ಲಿ ಜಾಲಿಯನ್ನು ನಾಲ್ಕು, ಐದು, ಆರು ಇಂಚು ಎಂದು ಕೇಳುವುದು ರೂಢಿ. ಇದು ಜಾಲಿಯ ಹೊರ ಅಳತೆ. ಅದರ ಕೆಳಗಿರುವ ಟ್ರಾಪಿನ ಬಾಯಿಯ ಅಳತೆ ಬೇರೆ. ಯಂತ್ರದ ಪೈಪಿನ ಹೊರ ವ್ಯಾಸ ಮತ್ತೂ ಬೇರೆ. ಪೈಪಿನ ದಪ್ಪ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಈ ಮೂರೂ ಅಳತೆಗಳು ಹೊಂದದಿದ್ದಾಗ ಪೈಪನ್ನು ಜಾಲಿಯ ಮೇಲೆ ಹಾಗೆಯೇ ಇರಿಸಲಾಗುತ್ತದೆ. ಪಂಪು ನೀರನ್ನು ಹೊರದೂಡಿದ ಕೂಡಲೇ ಪೈಪು ಜಿಗಿದು ನೆಲವೆಲ್ಲ ನೀರಾಗುತ್ತದೆ. ಕೆಲವರು ಜಾಲಿಯನ್ನೇ ತೆಗೆದು ಪೈಪನ್ನು ಒಳಗೆ ತುರುಕುತ್ತಾರೆ. ಆಗ ಜಿರಳೆ ಮೇಲೆ ಬರಲು ದಾರಿಯಾಗುತ್ತದೆ. ಕಸಕಡ್ಡಿ ಒಳಗಿಳಿದು ಮೋರಿ ಕಟ್ಟಿಕೊಳ್ಳುತ್ತದೆ. ಇನ್ನು ಕೆಲವರು ಪೈಪಿನ ಸುತ್ತ ಸಿಮೆಂಟು ಮೆತ್ತಿಸಿಬಿಡುತ್ತಾರೆ. ಇದು ಎಲ್ಲಕ್ಕಿಂತ ತಪ್ಪು ಕ್ರಮ. ಪೈಪಿನ ಸುತ್ತ ಗಾಳಿಯಾಡದಿದ್ದರೆ ಯಂತ್ರಕ್ಕೆ ಬಂದ ನೀರು ತಾನಾಗಿಯೇ ಸೆಳೆದುಕೊಂಡು ಹೊರಹೋಗುವ ಸಂಭವವುಂಟು. ಮುಂದೆ ದುರಸ್ತಿಗೆ ಪೈಪು ಬಿಚ್ಚಬೇಕಾದಾಗ ನೆಲವನ್ನೇ ಒಡೆಯಬೇಕಾಗುತ್ತದೆ.

ಸರಿಯಾದ ಜಾಲಿಯ ಲಕ್ಷಣಗಳು ಕಠಿಣವಾದುವೇನಲ್ಲ. ಪೈಪನ್ನು ಹಿಡಿದು ನಿಲ್ಲಿಸುವ ಕತ್ತುಳ್ಳ ರಂಧ್ರವಿರಬೇಕು. ನೆಲ ತೊಳೆದ ನೀರು ಇಳಿಯಲು ಉಳಿದ ಭಾಗದಲ್ಲಿ ಸಾಕಷ್ಟು ಕಿಂಡಿಗಳಿರಬೇಕು. ಶುಚಿಗೊಳಿಸಲು ಕೈಯಿಂದಲೇ ಎತ್ತುವಂತಿರಬೇಕು. ಪೈಪಿನ ತುದಿ ಟ್ರಾಪಿನಲ್ಲಿ ನಿಂತಿರುವ ನೀರಿನಲ್ಲಿ ಮುಳುಗಬಾರದು. ದುರ್ವಾಸನೆಯನ್ನು ತಡೆಯುವುದು ಆ ನಿಂತ ನೀರೇ. ಮುಂಬಾಗಿಲಿನ ಯಂತ್ರಗಳಲ್ಲಿ ಪೈಪನ್ನು ಕೈಪಿಡಿಯಲ್ಲಿ ಹೇಳಿದಷ್ಟು ಎತ್ತರಕ್ಕೆ ಏರಿಸಿ, ಬಳಿಕ ಜಾಲಿಗೆ ಇಳಿಸಬೇಕು. ಅರೆ ಸ್ವಯಂಚಾಲಿತ ಯಂತ್ರಗಳಲ್ಲಿ ನೀರು ತಾನಾಗಿ ಇಳಿಯುವುದರಿಂದ ಪೈಪನ್ನು ನೆಲಮಟ್ಟಕ್ಕೇ ಬಿಡಬೇಕಾಗುತ್ತದೆ. ಈ ವ್ಯತ್ಯಾಸವನ್ನು ಪೊಟ್ಟಣದ ಮೇಲೆ ನಾಲ್ಕು ಸಾಲುಗಳಲ್ಲಿ ಮುದ್ರಿಸಿದರೆ ಸಾಕು.

ಲೆಕ್ಕದ ಪುಸ್ತಕ ಹೇಳುವುದೇನು?

ವರ್ತಕನೊಬ್ಬ ತೆರಿಗೆ ಹೊರತುಪಡಿಸಿ 100 ರೂ.ಗೆ ಕೊಂಡ ಜಾಲಿಯನ್ನು 125 ರೂ.ಗೆ ಮಾರುತ್ತಾನೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಹತ್ತು ಜಾಲಿಗಳಿಗೆ ದೊರೆಯಬೇಕಾದ ಲಾಭ 250 ರೂ. ಅವುಗಳಲ್ಲಿ ಒಂದು ಹೊಂದಲಿಲ್ಲವೆಂದು ಗೀರು ಬಿದ್ದು ವಾಪಸು ಬಂದಿತು; ತಯಾರಕ ಅದನ್ನು ಹಿಂದಕ್ಕೆ ಪಡೆಯಲಿಲ್ಲ. ಗ್ರಾಹಕನ ಹಣ ಮರಳಿಸಿ ಕ್ರೆಡಿಟ್ ನೋಟ್ ನೀಡಿದರೆ ಮಾರಾಟದ ತೆರಿಗೆ ಸರಿಹೋಗುತ್ತದೆ. ಆದರೆ ಮಾಲನ್ನು ನಿರುಪಯುಕ್ತವೆಂದು ಲೆಕ್ಕದಿಂದ ತೆಗೆದಾಗ, ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ ಅದರ ಮೇಲಿನ ಇನ್‌ಪುಟ್ ತೆರಿಗೆ ಜಮೆಯನ್ನು, ಶೇ. 18ರ ದರದಲ್ಲಿ 18 ರೂ.ಗಳನ್ನು, ಹಿಂದಿರುಗಿಸಬೇಕಾಗುತ್ತದೆ. ಮಾರಾಟವಾದ ಒಂಬತ್ತರ ಲಾಭ 225 ರೂ.; ಅದರಲ್ಲಿ 118 ರೂ. ಕಳೆದರೆ ಉಳಿಯುವುದು 107 ರೂ. ಮಾತ್ರ. ಹತ್ತರಲ್ಲಿ ಒಂದು ಜಾಲಿ ಮರಳಿದರೆ ಅರ್ಧಕ್ಕಿಂತ ಹೆಚ್ಚು ಲಾಭ ಕರಗುತ್ತದೆ. ಅಗ್ಗದ ಮಾಲು ತಂದೆವೆಂದು ಸಮಾಧಾನಪಡುವ ವರ್ತಕರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಕಾನೂನಿನ ಮಗ್ಗುಲು

ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳು ತಯಾರಕನ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆಯ ಜೊತೆಗೆ, ಸರಕಿನ ಗಾತ್ರ ಮುಖ್ಯವಾದಲ್ಲಿ ಅದರ ಅಳತೆಯನ್ನೂ ನಮೂದಿಸಬೇಕೆಂದು ವಿಧಿಸುತ್ತವೆ. ಅಳತೆಯೇ ಜೀವಾಳವಾಗಿರುವ ಜಾಲಿಗೆ ಈ ನಿಯಮ ಹೇಳಿ ಮಾಡಿಸಿದಂತಿದೆ. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಸರಿಯಾದ ಬಳಕೆಯ ಸೂಚನೆಗಳನ್ನು ಕೊಡದ ಕಾರಣದಿಂದ ಹಾನಿಯುಂಟಾದರೆ ತಯಾರಕನನ್ನು ಹೊಣೆಯಾಗಿಸುತ್ತದೆ. ಬಹುಮಹಡಿ ಕಟ್ಟಡದಲ್ಲಿ ಮೇಲಿನ ಮನೆಯ ನೀರು ಕೆಳಮನೆಯ ಛಾವಣಿಗೆ ಇಳಿದಾಗ ಪರಿಹಾರದ ಮೊತ್ತ ಜಾಲಿಯ ಬೆಲೆಯ ಎಷ್ಟು ಪಟ್ಟಾದೀತೆಂದು ಬೇರೆ ಹೇಳಬೇಕಿಲ್ಲ.

ಆಕ್ಷೇಪವೂ ಉತ್ತರವೂ

ಪೈಪಿನ ಅಳತೆಗಳು ಹಲವಿರುವಾಗ ಪ್ರತಿಯೊಂದಕ್ಕೂ ಬೇರೆ ಜಾಲಿ ತಯಾರಿಸಿ ದಾಸ್ತಾನು ಮಾಡುವುದು ಹೇಗೆಂಬ ಪ್ರಶ್ನೆ ನ್ಯಾಯವಾದುದೇ. ಸಣ್ಣ ಉದ್ದಿಮೆದಾರನ ದುಡಿಯುವ ಬಂಡವಾಳ ದಾಸ್ತಾನಿನಲ್ಲಿ ಸಿಲುಕಬಾರದು. ಇದಕ್ಕೆ ಪರಿಹಾರ ಸರಳ: ಒಂದೇ ಜಾಲಿ, ಒಂದೇ ರಂಧ್ರ, ಅದರೊಂದಿಗೆ ಬೇರೆ ಬೇರೆ ಒಳ ವ್ಯಾಸದ ಎರಡು ಮೂರು ರಬ್ಬರ್ ಬುಷ್‌ಗಳು, ಯಂತ್ರವಿಲ್ಲದಾಗ ರಂಧ್ರ ಮುಚ್ಚಲು ಒಂದು ಬಿರಡೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಒತ್ತುವ ಪ್ರೆಸ್ಸೂ ರಬ್ಬರ್ ಅಚ್ಚಿನ ಕೆಲಸವೂ ಅಕ್ಕಪಕ್ಕದಲ್ಲೇ ದೊರೆಯುತ್ತವೆ. ಬಿಡಿ ಜಾಲಿಗೆ ಬಿಡಿಗಾಸಿನ ಬೆಲೆ. ಪೂರ್ಣ ಜೋಡಣೆಯ ಸೆಟ್ಟಿಗೆ ಗ್ರಾಹಕ ಹೆಚ್ಚು ಕೊಡಲು ಹಿಂಜರಿಯಲಾರ, ಏಕೆಂದರೆ ಅವನಿಗೆ ಪ್ಲಂಬರ್‌ನ ಎರಡನೆಯ ಭೇಟಿಯ ಕೂಲಿ ಉಳಿಯುತ್ತದೆ.

ಈ ನಿಟ್ಟಿನಲ್ಲಿ ವರ್ತಕರು ಕೂಡಲೇ ಮಾಡಬಹುದಾದ ಕೆಲಸವೊಂದಿದೆ. ಬೇರೆ ಬೇರೆ ವ್ಯಾಸದ ರಂಧ್ರಗಳುಳ್ಳ ಹಲಗೆಯೊಂದನ್ನು ಅಂಗಡಿಯ ಗಲ್ಲೆಯ ಬಳಿ ತೂಗುಹಾಕಿ, ಪೈಪಿನ ಹಳೆಯ ತುಂಡನ್ನೋ ಅಳತೆಯನ್ನೋ ತಂದ ಗ್ರಾಹಕನಿಗೆ ಅಲ್ಲಿಯೇ ಹೊಂದಿಸಿ ತೋರಿಸಬೇಕು. ಬಿಲ್ಲಿನಲ್ಲಿ ಅಳತೆಯನ್ನು ನಮೂದಿಸಬೇಕು. ಜಾಲಿ ತಯಾರಕರು, ಯಂತ್ರದ ವಿತರಕರು ಹಾಗೂ ಪ್ಲಂಬರ್‌ಗಳನ್ನು ಒಂದೆಡೆ ಸೇರಿಸಿ, ಹೆಚ್ಚು ಬಳಕೆಯಲ್ಲಿರುವ ಅಳತೆಗಳ ಪಟ್ಟಿಯೊಂದನ್ನು ಸಿದ್ಧಪಡಿಸುವ ಹೊಣೆಯನ್ನು ವಾಣಿಜ್ಯ ಮಂಡಳಿಗಳು ವಹಿಸಿಕೊಳ್ಳಬೇಕು. ಇದಕ್ಕೆ ಸರ್ಕಾರದ ಸಹಾಯಧನ ಬೇಕಿಲ್ಲ. ಒಂದು ಮಧ್ಯಾಹ್ನದ ಸಭೆ ಸಾಕು.