‘ಎಲ್ಲವನ್ನೂ ತೂಗಿಸಿದರು’ ಎಂಬ ಹೊಗಳಿಕೆ



ಕಲಾವಿದೆಯೊಬ್ಬರನ್ನು ಸನ್ಮಾನಿಸುವ ಸಭೆಗಳಲ್ಲಿ ತಪ್ಪದೆ ಕೇಳಿಬರುವ ಒಂದು ಮಾತಿದೆ: ‘ಮನೆ, ಕಚೇರಿ, ರಂಗಭೂಮಿ ಮೂರನ್ನೂ ತೂಗಿಸಿಕೊಂಡು ಹೋದ ಆದರ್ಶ ಮಹಿಳೆ.’ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯಿತ್ತು, ಈ ಮಾತನ್ನಾಡಿ ನಾವು ಕೃತಾರ್ಥರಾಗುತ್ತೇವೆ. ಕೇಳಲು ಇಂಪಾದ ಈ ಹೊಗಳಿಕೆಯೊಳಗೆ ದೊಡ್ಡ ಅನ್ಯಾಯವೊಂದು ಅಡಗಿದೆ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಭಾರ್ಗವಿ ನಾರಾಯಣ್ ಅವರ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ನಿಮ್ಮಲ್ಲಿ ಕಿರಿಯರಾದವರು ಅವರನ್ನು ‘ಮಂಥನ’, ‘ಮುಕ್ತ’ ಧಾರಾವಾಹಿಗಳಲ್ಲಿ ಕಂಡಿರಬಹುದು. ಪ್ರಕಾಶ್ ಬೆಳವಾಡಿ ಮತ್ತು ಸುಧಾ ಬೆಳವಾಡಿ ಅವರ ತಾಯಿಯೆಂದಷ್ಟೇ ಬಲ್ಲವರೂ ಇರಬಹುದು. 1938ರ ಫೆಬ್ರವರಿ 4ರಂದು ಹುಟ್ಟಿದ ಅವರು 2022ರ ಫೆಬ್ರವರಿ 14ರಂದು ತೀರಿಕೊಂಡರು. ಪತಿ ಬೆಳವಾಡಿ ನಂಜುಂಡಯ್ಯ ನಾರಾಯಣ್ ಅವರು ‘ಮೇಕಪ್ ನಾಣಿ’ ಎಂದೇ ಹೆಸರಾದ ಪ್ರಸಾಧನ ಕಲಾವಿದರು, ನಟರು. ನಾಲ್ವರು ಮಕ್ಕಳ ತಾಯಿಯಾದ ಭಾರ್ಗವಿಯವರು ನೌಕರರ ರಾಜ್ಯ ವಿಮಾ ನಿಗಮದಲ್ಲಿ, ಅಂದರೆ ನಮ್ಮ ವೈಟ್‌ಫೀಲ್ಡ್, ಪೀಣ್ಯದ ಕಾರ್ಮಿಕರೆಲ್ಲ ಬಲ್ಲ ಇಎಸ್‌ಐನಲ್ಲಿ, ವ್ಯವಸ್ಥಾಪಕಿಯಾಗಿ ದುಡಿದವರು. ಜೊತೆಗೆ ಆಕಾಶವಾಣಿಯ ಮಹಿಳೆಯರ ಮತ್ತು ಮಕ್ಕಳ ಕಾರ್ಯಕ್ರಮಗಳಿಗೆ ನಾಟಕಗಳನ್ನು ಬರೆದು ನಿರ್ದೇಶಿಸಿದರು. ‘ಎರಡು ಕನಸು’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಲ್ಲಿ ನಟಿಸಿದರು. ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರಕ್ಕಾಗಿ 1974–75ರ ಸಾಲಿನ ಅತ್ಯುತ್ತಮ ಪೋಷಕ ನಟಿ ರಾಜ್ಯ ಪ್ರಶಸ್ತಿ ಪಡೆದರು. ಇವೆಲ್ಲಕ್ಕೂ ಮೂಲವಾಗಿದ್ದುದು ರಂಗಭೂಮಿ. ಅಲ್ಲಿ ಅವರ ಲೆಕ್ಕ 600ನ್ನೂ ಮೀರುತ್ತದೆ.

ಇಂಥವರನ್ನು ನಾವು ‘ಹವ್ಯಾಸಿ ನಟಿ’ ಎಂದು ಕರೆಯುತ್ತೇವೆ. ಆಗಿನ ಕನ್ನಡ ರಂಗಭೂಮಿಯಲ್ಲಿ ಎರಡು ದಾರಿಗಳಿದ್ದವು. ಒಂದು ವೃತ್ತಿ ಕಂಪನಿಗಳದು. ಗುಬ್ಬಿ ಕಂಪನಿಯ ಬಿ. ಜಯಮ್ಮನವರು ಆ ದಾರಿಯವರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡುಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿ, 2012ರಲ್ಲಿ ಪದ್ಮಶ್ರೀ ಪಡೆದ ಆರ್. ನಾಗರತ್ನಮ್ಮನವರೂ ಆ ದಾರಿಯವರೇ. ಇನ್ನೊಂದು, ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವರ ದಾರಿ. ಅಲ್ಲಿ ಸಂಬಳವಿಲ್ಲ, ಎಷ್ಟೋ ಬಾರಿ ಕೈಯಿಂದಲೇ ಖರ್ಚು.

ಇಲ್ಲಿ ಕೆಲವರು ಆಕ್ಷೇಪಿಸುತ್ತಾರೆ: ‘ತಿಂಗಳ ಸಂಬಳ ಕೈಯಲ್ಲಿದ್ದವರದು ಯಾವ ತ್ಯಾಗ? ಹೊಟ್ಟೆಪಾಡನ್ನೇ ನಾಟಕಕ್ಕೆ ಒಡ್ಡಿದವರು ಮಾತ್ರ ನಿಜವಾದ ಕಲಾವಿದರು.’ ಕಂಪನಿ ನಟಿಯರು ಪಟ್ಟ ಪಾಡನ್ನು ನಾನು ಕಿರಿದುಮಾಡಲಾರೆ. ಊರೂರು ಅಲೆದು, ಬಿಡಾರದಲ್ಲೇ ಮಕ್ಕಳನ್ನು ಸಾಕಿ, ಸಮಾಜದ ಕೊಂಕನ್ನು ಸಹಿಸಿದವರು ಅವರು. ಆದರೆ ಸಂಬಳದ ಕೆಲಸವೊಂದಿದೆ ಎಂದಮಾತ್ರಕ್ಕೆ ಸಂಬಳವಿಲ್ಲದ ಕೆಲಸ ಕೆಲಸವಲ್ಲದೆ ಹೋಗುತ್ತದೆಯೇ?

ಒಂದು ಸಣ್ಣ ಲೆಕ್ಕ ಹಾಕೋಣ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸದಲ್ಲ. 600 ಎಂಬುದನ್ನು ಬರಿಯ ಪ್ರದರ್ಶನಗಳ ಸಂಖ್ಯೆಯೆಂದೇ ಹಿಡಿಯಿರಿ. ಒಂದು ನಾಟಕಕ್ಕೆ 10 ಪ್ರದರ್ಶನಗಳೆಂದುಕೊಂಡರೆ 60 ನಾಟಕಗಳಾದವು. ಪ್ರತಿಯೊಂದಕ್ಕೂ 30 ಸಂಜೆಗಳ ತಾಲೀಮು ಎಂದರೆ 1,800 ಸಂಜೆಗಳು. ಪ್ರದರ್ಶನದ 600 ಸೇರಿಸಿದರೆ 2,400. ಒಂದು ದಿನವೂ ಬಿಡುವಿಲ್ಲದೆ ಆರೂವರೆ ವರ್ಷಗಳ ಸಂಜೆಗಳಿವು. ಇದು ಊಹೆಯ ಲೆಕ್ಕವೇ ಆದರೂ ಕಡಿಮೆಯೆಡೆಗೇ ವಾಲಿದ ಊಹೆ. ಇಷ್ಟು ದುಡಿಮೆಯನ್ನು ಅಂಚೆಚೀಟಿ ಸಂಗ್ರಹಿಸುವುದಕ್ಕೆ ಬಳಸುವ ಪದದಿಂದಲೇ ಕರೆಯುವುದು ಯಾವ ನ್ಯಾಯ?

ಇನ್ನು ‘ತೂಗಿಸಿದರು’ ಎಂಬ ಮಾತು. ಅದೇ ತಂಡಗಳಲ್ಲಿ ಗುಮಾಸ್ತರು, ಬ್ಯಾಂಕ್ ನೌಕರರು, ವಕೀಲರು, ನನ್ನಂಥ ಮೇಷ್ಟರುಗಳು ಪಾತ್ರ ಮಾಡಿದರು. ಅವರಲ್ಲಿ ಒಬ್ಬರನ್ನಾದರೂ ‘ಅಡುಗೆಮನೆ, ಕಚೇರಿ, ರಂಗಭೂಮಿ ತೂಗಿಸಿದ ಆದರ್ಶ ಪುರುಷ’ ಎಂದು ಹೊಗಳಿದ್ದನ್ನು ನೀವು ಕೇಳಿದ್ದೀರಾ? ಗಂಡಸು ನಾಟಕ ಮಾಡಿದರೆ ಅವನ ಅಭಿನಯದ ಮಾತು ಬರುತ್ತದೆ. ಹೆಂಗಸು ಮಾಡಿದರೆ ಅವಳ ಮನೆವಾರ್ತೆಯ ಮಾತು ಬರುತ್ತದೆ. ತಕ್ಕಡಿಯನ್ನು ಅವಳ ಕೈಗೇ ಕೊಟ್ಟು, ಮೂರೂ ಭಾರವನ್ನು ಅವಳ ಮೇಲೇ ಹೇರಿ, ಅವಳು ಬೀಳಲಿಲ್ಲವೆಂದು ಚಪ್ಪಾಳೆ ತಟ್ಟುವವರು ನಾವು.

ಈ ಚಪ್ಪಾಳೆ ಮುಂದಿನವರ ಬೆನ್ನಿಗೆ ಚಾಟಿಯಾಗುತ್ತದೆ. ನಮ್ಮ ಮಾರತ್ತಹಳ್ಳಿಯ ಸುತ್ತಲಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಮಿಂಚಿದ್ದವರಿದ್ದಾರೆ. ಸಂಜೆ ಜಯನಗರದಾಚೆಯ ರಂಗಶಂಕರಕ್ಕೆ ಹೊರಟರೆ ಸಿಲ್ಕ್ ಬೋರ್ಡ್ ದಾಟುವುದರೊಳಗೆ ಆಟ ಆರಂಭವಾಗಿರುತ್ತದೆ. ತಡವಾಗಿ ಬಂದವರಿಗೆ ಅಲ್ಲಿ ಪ್ರವೇಶವಿಲ್ಲ. ಆ ಅಡಚಣೆಯನ್ನಾದರೂ ದಾಟಬಹುದು. ಮನೆಯಲ್ಲಿ ಕೇಳಿಬರುವ ‘ಅವರೆಲ್ಲ ಸಂಸಾರ ನೋಡಿಕೊಂಡೇ ನಾಟಕ ಮಾಡಲಿಲ್ಲವೇ? ನಿನಗೇನು ಕಷ್ಟ?’ ಎಂಬ ಮಾತನ್ನು ದಾಟುವುದು ಕಷ್ಟ. ಹೀಗೆ ಭಾರ್ಗವಿಯವರಂಥವರ ಹೆಸರೇ ಇನ್ನೊಬ್ಬ ಹೆಣ್ಣುಮಗಳ ದಾರಿಗೆ ಅಡ್ಡವಾಗುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ನೆಂಟರಲ್ಲಿ ಅಳಿಯಂದಿರೂ ಅತ್ತೆಯರೂ ಆಗಿರುವವರು, ಮನೆಯ ಹೆಣ್ಣುಮಗಳು ತಾಲೀಮಿಗೆ ಹೊರಟ ಸಂಜೆ ಅಡುಗೆಯ ಹೊಣೆ ಹೊರಿ. ಸನ್ಮಾನದ ಶಾಲಿಗಿಂತ ಅದು ಬೆಲೆಯುಳ್ಳದ್ದು. ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವ ಶಿಷ್ಯರು, ಸಂಜೆ ಖಾಲಿಬೀಳುವ ನಿಮ್ಮ ಸಭಾಂಗಣಗಳನ್ನು ಕನ್ನಡ ತಂಡಗಳ ತಾಲೀಮಿಗೆ ತೆರೆಯಿರಿ. ಎಲ್ಲರೂ ಭಾರ್ಗವಿಯವರ ಆತ್ಮಕಥೆ ‘ನಾನು, ಭಾರ್ಗವಿ’ಯನ್ನು ಓದಿರಿ. ಸಿನಿಮಾ ಉಳಿಯುತ್ತದೆ, ಧಾರಾವಾಹಿಯೂ ಅಷ್ಟಿಷ್ಟು ಉಳಿದೀತು. ರಂಗದ ಅಭಿನಯ ಪರದೆ ಬಿದ್ದೊಡನೆ ಅಳಿಯುತ್ತದೆ. ಅದನ್ನು ಕಂಡವರು ಬರೆದಿಡದಿದ್ದರೆ ಉಳಿಯುವುದು ‘ತೂಗಿಸಿದರು’ ಎಂಬ ಒಂದೇ ಪದ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಅವರ ನಾಟಕ ನೋಡಿದ್ದರೆ, ಯಾವ ಪಾತ್ರ, ಹೇಗೆ ನಡೆದರು, ಹೇಗೆ ನುಡಿದರು ಎಂಬುದನ್ನು ಕೇಳಿ ನನಗೆ ಬರೆದು ಕಳುಹಿಸಿರಿ.