ಯಂತ್ರ ಅಟ್ಟ ಸೇರದಿರಲಿ



ನಮ್ಮ ಗಡಿನಾಡಿನ ತೋಟದ ಮನೆಗಳಲ್ಲಿ ಅಟ್ಟಕ್ಕೆ ಹತ್ತಿ ನೋಡಿದರೆ ಮದ್ದು ಬಿಡುವ ಹಳೆಯ ಪಂಪು, ಮುರಿದ ದೋಟಿ, ತೂತು ಬಿದ್ದ ಬುಟ್ಟಿಗಳು ಕಾಣಸಿಗುತ್ತವೆ. ಈಗ ಕೆಲವು ಮನೆಗಳಲ್ಲಿ ಅವುಗಳ ಜೊತೆಗೆ ಒಂದು ಹೊಸ ವಸ್ತುವೂ ಸೇರತೊಡಗಿದೆ. ಹಲವು ಸಾವಿರ ರೂಪಾಯಿ ಕೊಟ್ಟು ತಂದು, ನಾಲ್ಕು ರಾತ್ರಿ ಉಪಯೋಗಿಸಿ, "ಇದು ನಮಗೆ ಹೇಳಿದ್ದಲ್ಲ" ಎಂದು ಎತ್ತಿಟ್ಟ ಸಿಪ್ಯಾಪ್ ಯಂತ್ರ ಅದು. ನಮ್ಮದೂ ಅಲ್ಲಿಗೇ ಹೋಗುವುದರಲ್ಲಿತ್ತು.

ಗೊರಕೆಯನ್ನು ನಾವು ರೋಗವೆಂದು ಎಣಿಸುವುದಿಲ್ಲ. ಹಗಲಿಡೀ ದುಡಿದವನ ಒಳ್ಳೆಯ ನಿದ್ದೆ ಎಂದು ನಗುತ್ತೇವೆ. ಬರಿಯ ಗೊರಕೆಯಾದರೆ ಚಿಂತೆಯಿಲ್ಲದಿರಬಹುದು. ಆದರೆ ಗೊರಕೆ ಒಮ್ಮೆಲೇ ನಿಂತು, ಉಸಿರೇ ಇಲ್ಲದಂತಾಗಿ, ಮತ್ತೆ ಏದುಸಿರಿನೊಂದಿಗೆ ಶುರುವಾದರೆ ಅದು ಸ್ಲೀಪ್ ಅಪ್ನಿಯಾ ಎಂಬ ರೋಗವಿರಬಹುದು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 5 ಸಲ ಮೀರಿದರೆ ರೋಗದ ಲಕ್ಷಣ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಮಲಗಿದವನಿಗೆ ಇದಾವುದೂ ತಿಳಿಯದು. ಬೆಳಿಗ್ಗೆ ತಲೆನೋವು, ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವುದು, ಮರೆವು, ಸಿಡುಕು, ಹಗಲು ತಡೆಯಲಾಗದ ತೂಕಡಿಕೆ, ಇವು ಮಾತ್ರ ತಿಳಿಯುತ್ತವೆ. ರಕ್ತದೊತ್ತಡವೂ ಏರಬಹುದು.

ನಮಗೆ ಎಚ್ಚರಿಕೆ ಸಿಕ್ಕಿದ್ದು ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ರಸ್ತೆಯಲ್ಲಿ. ಅಡಿಕೆ ಮಾರಿ ಮಧ್ಯಾಹ್ನ ಜೀಪಿನಲ್ಲಿ ಹಿಂದಿರುಗುತ್ತಿದ್ದೆವು. ಪಕ್ಕದಲ್ಲಿದ್ದ ಮಗ "ಪಪ್ಪಾ!" ಎಂದು ಕಿರುಚಿ ಸ್ಟಿಯರಿಂಗ್ ಹಿಡಿದಾಗಲೇ ಕಣ್ಣು ಮುಚ್ಚಿದ್ದು ಗೊತ್ತಾದದ್ದು. ಎದುರಿನಿಂದ ಶಾಲೆಯ ಮಕ್ಕಳು ನಡೆದು ಬರುತ್ತಿದ್ದರು. ಆ ಮೇಲೆ ನಿದ್ದೆಯ ಪರೀಕ್ಷೆ ಮಾಡಿಸಿದೆವು. ಗಂಟೆಗೆ 41 ಸಲ ಎಂದು ವರದಿ ಬಂತು.

ಸಿಪ್ಯಾಪ್ ಯಂತ್ರವನ್ನು ಹಲವರು ಆಮ್ಲಜನಕ ಕೊಡುವ ಯಂತ್ರವೆಂದು ತಿಳಿದಿದ್ದಾರೆ. ಹಾಗಲ್ಲ. ಅದು ಕೋಣೆಯ ಗಾಳಿಯನ್ನೇ ಎಳೆದು ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಕೊಡುತ್ತದೆ. ತೋಟಕ್ಕೆ ನೀರು ಬಿಡುವ ಮೆತ್ತಗಿನ ಪೈಪನ್ನು ನೋಡಿ. ಪಂಪು ನಿಂತರೆ ಚಪ್ಪಟೆಯಾಗುತ್ತದೆ, ಪಂಪು ನಡೆದರೆ ಉಬ್ಬಿ ನಿಲ್ಲುತ್ತದೆ. ನಮ್ಮ ಗಂಟಲೂ ಹಾಗೆಯೇ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಈ ಉಪಾಯವನ್ನು ಮೊದಲು ಪ್ರಯೋಗಿಸಿ, 1981ರಲ್ಲಿ ಪ್ರಕಟಿಸಿದರು.

ಉಪಾಯ ಸರಳ, ಅಭ್ಯಾಸ ಸರಳವಲ್ಲ. ಮೊದಲ ರಾತ್ರಿ ನಾವು ಒಂದು ಗಂಟೆಯಲ್ಲಿ ಮಾಸ್ಕ್ ಕಿತ್ತೆವು. ಮೂರನೆಯ ರಾತ್ರಿ ನಿದ್ದೆಯಲ್ಲೇ ಕಿತ್ತೆಸೆದಿದ್ದೆವು. ಬಾಯಿ ಒಣಗಿತು, ಮೂಗಿನ ಮೇಲೆ ಗೀರು ಬಿತ್ತು, ಹೊಟ್ಟೆ ಗಾಳಿ ತುಂಬಿ ಉಬ್ಬಿತು. ಮಾರಿದವರು ಅರ್ಧ ಗಂಟೆಯಲ್ಲಿ ಗುಂಡಿಗಳನ್ನು ತೋರಿಸಿ, ಬಿಲ್ಲು ಕೊಟ್ಟು ಕಳುಹಿಸಿದ್ದರು. ಮುಂದೇನು ಎಂದು ಹೇಳುವವರಿರಲಿಲ್ಲ. ಯಂತ್ರ ಅಟ್ಟ ಸೇರುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನಮ್ಮ ಅಭಿಪ್ರಾಯ. ಅಡಿಕೆ ಸಸಿ ನೆಟ್ಟವನು ಮೊದಲ ಬೇಸಿಗೆಗೆ ನೆರಳು ಕಟ್ಟದೆ, ನೀರು ಹಾಕದೆ ಸಸಿಯನ್ನೇ ದೂರುತ್ತಾನೆಯೇ? ಯಂತ್ರಕ್ಕೂ ಮೊದಲ ಒಂದೆರಡು ತಿಂಗಳೇ ಮೊದಲ ಬೇಸಿಗೆ.

ನಮಗೆ ನೆರವಾದ ಕೆಲವು ವಿಷಯಗಳನ್ನು ತಿಳಿಸುತ್ತೇವೆ. ಮೊದಲು ಹಗಲು ಹೊತ್ತು ಪತ್ರಿಕೆ ಓದುತ್ತಲೋ ಟಿ.ವಿ. ನೋಡುತ್ತಲೋ ಹದಿನೈದು ನಿಮಿಷ ಮಾಸ್ಕ್ ಹಾಕಿ ಕುಳಿತುಕೊಳ್ಳಿ. ಒತ್ತಡವು ಮೆಲ್ಲಗೆ ಏರುವಂತೆ ಮಾಡುವ ವ್ಯವಸ್ಥೆ ಹೆಚ್ಚಿನ ಯಂತ್ರಗಳಲ್ಲಿದೆ, ಅದನ್ನು ಕೇಳಿ ತಿಳಿಯಿರಿ. ಮಾಸ್ಕನ್ನು ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಸರಿಪಡಿಸಿಕೊಳ್ಳಿ. ಸೋರುತ್ತದೆಂದು ಬಿಗಿದಷ್ಟೂ ಗೀರು ಬೀಳುತ್ತದೆ, ಸೋರುವುದು ನಿಲ್ಲುವುದಿಲ್ಲ. ದಪ್ಪ ಮೀಸೆ ಗಡ್ಡವಿದ್ದರೆ ಅಲ್ಲಿಂದಲೂ ಸೋರಬಹುದು. ಬಾಯಿಯಲ್ಲಿ ಉಸಿರಾಡುವವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಇದೆ. ಒಣಗುವಿಕೆಗೆ ಗಾಳಿಯನ್ನು ತೇವ ಮಾಡುವ ನೀರಿನ ಪೆಟ್ಟಿಗೆ ಇದೆ. ಅದಕ್ಕೆ ಬಾವಿಯ ನೀರು ಬೇಡ, ಡಿಸ್ಟಿಲ್ಡ್ ನೀರನ್ನೇ ಹಾಕಿ, ದಿನವೂ ಬದಲಿಸಿ. ಹೊಟ್ಟೆ ಉಬ್ಬಿದರೆ ವೈದ್ಯರಿಗೆ ತಿಳಿಸಿ. ಒತ್ತಡವನ್ನು ಸ್ವಂತ ಬುದ್ಧಿಯಿಂದ ಬದಲಿಸಬೇಡಿ.

ಕೃಷಿಕರ ಮನೆಗೆ ಇನ್ನೆರಡು ಮಾತು. ಯಂತ್ರ ಕೋಣೆಯ ಗಾಳಿಯನ್ನು ಎಳೆಯುವುದರಿಂದ ಅಡಿಕೆ, ಕೊಪ್ಪರ ಅಥವಾ ಮದ್ದಿನ ಚೀಲಗಳಿರುವ ಕೋಣೆಯಲ್ಲಿ ಮಲಗಬೇಡಿ. ಫಿಲ್ಟರನ್ನು ಆಗಾಗ ನೋಡಿ. ಮಾಸ್ಕಿನ ಮೆತ್ತೆಯನ್ನು ದಿನವೂ ತೆಳು ಸಾಬೂನು ನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಕರೆಂಟು ಹೋದರೆ ಉಸಿರುಗಟ್ಟಿ ಸಾಯುತ್ತೇವೆಯೇ ಎಂಬ ಹೆದರಿಕೆ ನಮಗೂ ಇತ್ತು. ಮಾಸ್ಕಿನಲ್ಲಿ ಗಾಳಿ ಹೊರಹೋಗುವ ತೂತುಗಳಿವೆ. ಮೂಗು ಬಾಯಿ ಮುಚ್ಚುವ ಮಾಸ್ಕಿನಲ್ಲಿ ಹೊರಗಿನ ಗಾಳಿ ಒಳಬರುವ ಕವಾಟವೂ ಇರುತ್ತದೆ. ಯಂತ್ರ ನಿಂತದ್ದು ಗೊತ್ತಾದಾಗ ಮಾಸ್ಕ್ ತೆಗೆದು, ಮಗ್ಗುಲಾಗಿ ಮಲಗಿದರಾಯಿತು. ಇನ್‌ವರ್ಟರ್ ಇದ್ದವರು ನೀರು ಬಿಸಿಯಾಗುವುದನ್ನು ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಅರ್ಧ ರಾತ್ರಿಯ ಉಪಯೋಗ ಸಾಕೇ? ಭಾರತವೂ ಸೇರಿ ಏಳು ದೇಶಗಳ 2,700ಕ್ಕೂ ಹೆಚ್ಚು ಹೃದಯ ಅಥವಾ ಮೆದುಳಿನ ರಕ್ತನಾಳದ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಯಂತ್ರ ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಂಡುಬರಲಿಲ್ಲ. ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ಆದರೆ ಅವರು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಯಂತ್ರವೊಂದಿದ್ದರೆ ಹೃದಯಕ್ಕೆ ರಕ್ಷೆ ಎಂದು ನಾವು ಹೇಳಲಾರೆವು. ಕಣ್ಣು ಮುಚ್ಚದೆ ಜೀಪು ಓಡಿಸಲು ಅದು ನೆರವಾಗುತ್ತದೆ ಎಂಬುದನ್ನು ಮಾತ್ರ ಕಂಡಿದ್ದೇವೆ. ನಿದ್ದೆಯಿರುವಷ್ಟು ಹೊತ್ತೂ ಹಾಕುವುದೇ ಗುರಿಯಾಗಲಿ.

ಇದು ರೋಗವನ್ನು ಗುಣಪಡಿಸುವುದಿಲ್ಲ, ತಡೆಯುತ್ತದೆ. ಕೊಳೆರೋಗಕ್ಕೆ ಹೋದ ವರ್ಷ ಬೋರ್ಡೋ ಬಿಟ್ಟಿದ್ದೇವೆಂದು ಈ ವರ್ಷ ಸುಮ್ಮನಿರುತ್ತೇವೆಯೇ? ತೂಕ ಇಳಿಸಿದರೆ ರೋಗ ಕಡಿಮೆಯಾಗಬಹುದು. ರಾತ್ರಿಯ ಕುಡಿತ ಗಂಟಲನ್ನು ಇನ್ನೂ ಸಡಿಲಗೊಳಿಸುತ್ತದೆ, ಬಿಡಬೇಕು. ಎಷ್ಟು ಪ್ರಯತ್ನಿಸಿದರೂ ಒಗ್ಗದಿದ್ದರೆ ನಾಚಿಕೆ ಬಿಟ್ಟು ವೈದ್ಯರ ಬಳಿಗೆ ಮತ್ತೆ ಹೋಗಿ. ಬೇರೆ ಮಾಸ್ಕ್, ಬೇರೆ ಬಗೆಯ ಯಂತ್ರ, ಕೆಲವರಿಗೆ ಹಲ್ಲಿಗೆ ಹಾಕುವ ಸಾಧನ ಇವೆ. ಇನ್ನೊಬ್ಬರು ಬಳಸಿ ಬಿಟ್ಟ ಯಂತ್ರವನ್ನು ಕಡಿಮೆ ಬೆಲೆಗೆ ಸಿಗುತ್ತದೆಂದು ಕೇಳದೆ ಕೊಳ್ಳಬೇಡಿ. ಒತ್ತಡ ಒಬ್ಬೊಬ್ಬರಿಗೆ ಒಂದೊಂದು. ಅಲ್ಲದೆ ಒಳಗಿನ ಫೋಮು ಪುಡಿಯಾಗುತ್ತದೆಂದು 2021ರಲ್ಲಿ ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡದ್ದೂ ಇದೆ.

ಕೊನೆಯದಾಗಿ ಮನೆಯವರಿಗೆ. ಮಾಸ್ಕ್ ಹಾಕಿದವರನ್ನು ಕಂಡು ಮೊಮ್ಮಕ್ಕಳು "ಆನೆ ಬಂತು" ಎಂದು ನಗಲಿ, ತಪ್ಪಿಲ್ಲ. ದೊಡ್ಡವರು ನಗಬೇಡಿ. ಹೆಂಗಸರಿಗೂ ಈ ರೋಗ ಬರುತ್ತದೆ, ಮುಟ್ಟು ನಿಂತ ಮೇಲೆ ಹೆಚ್ಚು. ಆದರೆ ಹೆಂಗಸು ಗೊರಕೆ ಹೊಡೆಯುತ್ತಾಳೆಂದು ಹೇಳಲು ನಮ್ಮ ಮನೆಗಳು ನಾಚುತ್ತವೆ. ಆ ನಾಚಿಕೆಯಿಂದ ಅಮ್ಮಂದಿರ ರೋಗ ಮುಚ್ಚಿಹೋಗುವುದು ಬೇಡ.

ನಮ್ಮ ಯಂತ್ರಕ್ಕೆ ಎಂಟು ತಿಂಗಳಾಯಿತು. ಈಗಲೂ ಕೆಲವು ದಿನ ಬೆಳಗಿನ ಜಾವ ಮಾಸ್ಕ್ ತೆಗೆದಿರುತ್ತೇವೆ. ಮರುದಿನ ಮತ್ತೆ ಹಾಕುತ್ತೇವೆ. ಮಗ ಈಗಲೂ ಜೀಪಿನಲ್ಲಿ ಪಕ್ಕಕ್ಕೇ ಕುಳಿತುಕೊಳ್ಳುತ್ತಾನೆ, ಆದರೆ ಸ್ಟಿಯರಿಂಗಿನ ಮೇಲೆ ಕಣ್ಣಿಡುವುದನ್ನು ಬಿಟ್ಟಿದ್ದಾನೆ. ನಿಮ್ಮ ಮನೆಯ ಯಂತ್ರ ಅಟ್ಟದಲ್ಲಿದ್ದರೆ ಕೆಳಗಿಳಿಸಿ, ಒರೆಸಿ, ವೈದ್ಯರಿಗೊಮ್ಮೆ ತೋರಿಸಿ, ಮತ್ತೆ ಶುರು ಮಾಡಿ.